ಮುಂಭಾಗ ಮಹಾಗನಿ, ಬೆನ್ನು ಓಕ್

ಹಳೆಯ ಫ್ರೆಂಚ್ ಬೀರುವೊಂದನ್ನು ಕೊಳ್ಳಲು ಬಂದ ಅನುಭವಿ ವ್ಯಾಪಾರಿ ಮೊದಲು ಡ್ರಾಯರನ್ನು ಪೂರ್ತಿ ಹೊರಗೆಳೆದು ತಲೆಕೆಳಗು ಮಾಡುತ್ತಾನೆ. ಆಮೇಲೆ ಮೇಲಿನ ಅಮೃತಶಿಲೆಯ ಹಲಗೆಯನ್ನು ಎತ್ತಿಸಿ ಅದರಡಿಯ ಮರವನ್ನು ನೋಡುತ್ತಾನೆ, ಗೋಡೆಗೆ ಒರಗಿದ್ದ ಬೆನ್ನಿಗೆ ಟಾರ್ಚ್ ಬಿಡುತ್ತಾನೆ. ಹೊಳೆಯುವ ಕೆಂಗಂದು ಮುಂಭಾಗದ ಸರದಿ ಕೊನೆಗೆ. ಅದನ್ನು ಇನ್ನೂರೈವತ್ತು ವರ್ಷಗಳಲ್ಲಿ ಎಷ್ಟೋ ಜನ ತಿಕ್ಕಿದ್ದಾರೆ, ಬಣ್ಣ ಕೂಡಿಸಿದ್ದಾರೆ, ಮುರಿದಲ್ಲಿ ತುಂಡು ಸೇರಿಸಿದ್ದಾರೆ. ಬೆನ್ನನ್ನು ಚಂದ ಮಾಡುವ ಉಸಾಬರಿಗೆ ಮಾತ್ರ ಯಾರೂ ಹೋಗಿಲ್ಲ.

ಆ ಬೆನ್ನಿನಲ್ಲಿ, ಡ್ರಾಯರಿನ ಒಳಗಿನ ಪಕ್ಕಗಳಲ್ಲಿ ಕಾಣುವುದು ಮಹಾಗನಿಯಲ್ಲ, ಓಕ್. ಕೆಲವೊಮ್ಮೆ ಪೈನ್ ಜಾತಿಯ ಅಗ್ಗದ ಮರವೂ ಇರುತ್ತದೆ. ಮಹಾಗನಿ ಇರುವುದು ಹೊರಮೈಯಲ್ಲಿ, ಎರಡು ಮಿಲಿಮೀಟರ್ ಆಸುಪಾಸಿನ ಹಾಳೆಯಾಗಿ. ಪ್ಲೈವುಡ್ ಮೇಲೆ ತೇಗದ ಪೊರೆ ಅಂಟಿಸಿ ಮಾರುವುದನ್ನು ನೋಡಿದ ನಮಗೆ ವಿನಿಯರ್ ಎಂದರೆ ಅಗ್ಗದ ಮಾಲು ಎಂಬ ಭಾವನೆ ಇದೆ. 18ನೇ ಶತಮಾನದ ಪ್ಯಾರಿಸ್ಸಿನಲ್ಲಿ ಲೆಕ್ಕ ತಿರುಗುಮುರುಗಾಗಿತ್ತು. ಹಾಳೆ ಹೊದಿಸುವುದು ಮರಗೆಲಸದಲ್ಲೇ ಮೇಲ್ಮಟ್ಟದ ವಿದ್ಯೆ. ಅದನ್ನು ಬಲ್ಲವರಿಗೆ ಎಬೆನಿಸ್ತ್ ಎಂಬ ಬೇರೆಯದೇ ಹೆಸರಿತ್ತು. ಕುರ್ಚಿ, ಮಂಚದಂಥವನ್ನು ಇಡೀ ಮರದಲ್ಲಿ ಮಾಡುವವರು ಮೆನ್ಯುಯಿಸಿಯೆಗಳು. ಇಬ್ಬರೂ ಕಸುಬುದಾರರ ಒಂದೇ ಸಂಘಕ್ಕೆ ಸೇರಿದವರಾದರೂ ಕಸುಬು ಬೇರೆ, ಉಪಕರಣ ಬೇರೆ. ಮಂಚ ಮಾಡುವವನು ಬೀರು ಮಾಡುವುದು ಅಪರೂಪ.

ಹಾಳೆ ಏಕೆ ಬೇಕು? ಮಹಾಗನಿ ದುಬಾರಿ ಎಂಬುದು ಅರ್ಧ ಉತ್ತರ. ಮರದ ಅತಿ ಸುಂದರವಾದ ಭಾಗ ಸಿಗುವುದು ಕಾಂಡ ಕವಲೊಡೆಯುವ ಜಾಗದಲ್ಲಿ. ಅಲ್ಲಿ ಎಳೆಗಳು ಎರಡು ಕಡೆಗೆ ತಿರುಗಿ ಹೆಣೆದುಕೊಂಡು ಜ್ವಾಲೆಯ ಆಕಾರ ತಾಳುತ್ತವೆ. ಆದರೆ ಎಳೆ ಅಡ್ಡಾದಿಡ್ಡಿ ಓಡಿದ ಮರಕ್ಕೆ ಬಲ ಕಡಿಮೆ. ದಪ್ಪ ಹಲಗೆಯಾಗಿ ಬಳಸಿದರೆ ಒಣಗುತ್ತಾ ಸೊಟ್ಟಗಾಗುತ್ತದೆ, ಬಿರುಕು ಬಿಡುತ್ತದೆ. ಹಾಳೆಯಾಗಿ ಕೊಯ್ದು ಗಟ್ಟಿ ಓಕ್ ಚೌಕಟ್ಟಿಗೆ ಅಂಟಿಸಿದರೆ ಚಂದವೂ ಉಳಿಯುತ್ತದೆ, ಬೀರುವೂ ನಿಲ್ಲುತ್ತದೆ. ಒಂದೇ ತುಂಡಿನಿಂದ ಪಕ್ಕಪಕ್ಕದಲ್ಲಿ ಕೊಯ್ದ ಎರಡು ಹಾಳೆಗಳನ್ನು ಪುಸ್ತಕ ತೆರೆದಂತೆ ಬಿಡಿಸಿ ಕೂಡಿಸಿದರೆ ಎಡಬಲಗಳು ಒಂದಕ್ಕೊಂದು ಕನ್ನಡಿಯಾಗುತ್ತವೆ. ಬೀರುವಿನ ಎರಡು ಬಾಗಿಲಿನ ಮೇಲೆ ಒಂದೇ ಜ್ವಾಲೆ ಎದುರುಬದುರಾಗಿ ಏಳುವುದು ಹೀಗೆ.

ಆ ಹಾಳೆಯನ್ನು ಕೊಯ್ಯುತ್ತಿದ್ದದ್ದು ಕೈಯಲ್ಲಿ. ಸ್ವತಃ ಪಳಗಿದ ಬಡಗಿಯಾಗಿದ್ದ ಆಂದ್ರೆ-ಜಾಕೊಬ್ ರುಬೊ 1769ರಿಂದ 1775ರವರೆಗೆ ಬಿಡಿಬಿಡಿಯಾಗಿ ಪ್ರಕಟಿಸಿದ ಮರಗೆಲಸದ ಮಹಾಗ್ರಂಥದಲ್ಲಿ ಆ ಕಾಲದ ಉಪಕರಣಗಳನ್ನೂ ವಿಧಾನಗಳನ್ನೂ ಚಿತ್ರಸಹಿತ ವಿವರಿಸಿದ್ದಾನೆ. ಮರದ ದಿಮ್ಮಿಯನ್ನು ನಿಲ್ಲಿಸಿ ಬಿಗಿಯುತ್ತಾರೆ. ಚೌಕಟ್ಟಿಗೆ ಕಟ್ಟಿದ ಅಗಲ ಗರಗಸವನ್ನು ಇಬ್ಬರು ಎದುರುಬದುರು ನಿಂತು ಎಳೆಯುತ್ತಾರೆ. ಗರಗಸ ಸ್ವಲ್ಪ ವಾಲಿದರೂ ಹಾಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ಕಾಗದ. ಗರಗಸದ ಹಲ್ಲಿಗೆ ಪುಡಿಯಾಗಿ ಹೋಗುವ ಮರವೂ ಕಡಿಮೆಯದಲ್ಲ. ಹಾಗೆ ಕೊಯ್ದದ್ದನ್ನು ಹಲ್ಲಿನ ಅಲಗಿರುವ ಹತ್ತರಿಯಿಂದ ಗೀರಿ ಒರಟು ಮಾಡುತ್ತಾರೆ, ಅಂಟು ಹಿಡಿಯಲಿ ಎಂದು.

ಅಂಟು ಪ್ರಾಣಿಗಳ ಚರ್ಮ, ಎಲುಬು ಬೇಯಿಸಿ ತೆಗೆದದ್ದು. ನಮ್ಮ ಹಳೆಯ ಬಡಗಿಗಳು ಬಳಸುತ್ತಿದ್ದ ಮರವಜ್ರ ಇದೇ ಜಾತಿ. ಅದನ್ನು ನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಬಿಸಿ ಮಾಡಬೇಕು. ನೇರ ಬೆಂಕಿಗೆ ಇಟ್ಟರೆ ಸೀದು ಶಕ್ತಿ ಕಳೆದುಕೊಳ್ಳುತ್ತದೆ. ಓಕ್ ಮೈಯನ್ನೂ ಹಾಳೆಯನ್ನೂ ಬೆಚ್ಚಗೆ ಮಾಡಿ, ಅಂಟು ಸವರಿ, ಅಗಲ ಬಾಯಿಯ ಸುತ್ತಿಗೆಯನ್ನು ಹೊಡೆಯದೆ ಒತ್ತಿ ತಳ್ಳುತ್ತಾ ನಡುವಿನಿಂದ ಅಂಚಿಗೆ ಹೆಚ್ಚುವರಿ ಅಂಟನ್ನು ಹೊರಹಾಕಬೇಕು. ಅಂಟು ತಣ್ಣಗಾಗುವ ಮುನ್ನ ಮುಗಿಯಬೇಕು. ಈ ಅಂಟಿನ ದೊಡ್ಡ ಗುಣ ಇನ್ನೊಂದಿದೆ: ಮತ್ತೆ ಬಿಸಿ, ತೇವ ಕೊಟ್ಟರೆ ಬಿಡುತ್ತದೆ. ಇಂದಿನ ದುರಸ್ತಿಗಾರ ಎದ್ದ ಹಾಳೆಯನ್ನು ಮುರಿಯದೆ ಬಿಚ್ಚಿ ಪುನಃ ಕೂರಿಸಬಲ್ಲ. ನಡುವೆ ಯಾರಾದರೂ ಆತುರದಲ್ಲಿ ಈಗಿನ ಬಿಳಿ ಅಂಟು ಹಾಕಿ ಮುಚ್ಚಿದ್ದರೆ ಮಾತ್ರ ಅವನು ತಲೆ ಚಚ್ಚಿಕೊಳ್ಳಬೇಕು.

ಇನ್ನು ಮುದ್ರೆಯ ವಿಷಯ. ಬೆಲೆಯನ್ನು ಹಲವು ಪಟ್ಟು ಏರಿಸುವುದೂ ಇದೇ, ಜನರನ್ನು ಹೆಚ್ಚು ದಾರಿ ತಪ್ಪಿಸುವುದೂ ಇದೇ. ಪ್ಯಾರಿಸ್ಸಿನ ಸಂಘ 1743ರಲ್ಲಿ ಹೊಸ ನಿಯಮ ಮಾಡಿತು: ಪ್ರತಿ ಯಜಮಾನ ಕಸುಬುದಾರನೂ ತಾನು ಮಾರುವ ಪೀಠೋಪಕರಣದ ಮೇಲೆ ಕಬ್ಬಿಣದ ಅಚ್ಚಿನಿಂದ ತನ್ನ ಹೆಸರು ಒತ್ತಬೇಕು. ಅದು ಕಡ್ಡಾಯವಾಗಿ ಜಾರಿಗೆ ಬಂದದ್ದು 1751ರಲ್ಲಿ. ಸಂಘದ ಪರೀಕ್ಷಕರು ಕಾರ್ಖಾನೆಗಳಿಗೆ ಭೇಟಿ ಕೊಟ್ಟು, ಕೆಲಸ ಸರಿಯಿದ್ದರೆ ಪಕ್ಕದಲ್ಲಿ ಜೆ.ಎಂ.ಇ. ಎಂಬ ಮೂರಕ್ಷರದ ಸಂಘದ ಮುದ್ರೆ ಹಾಕುತ್ತಿದ್ದರು. ಹುಡುಕಬೇಕಾದದ್ದು ಅಮೃತಶಿಲೆಯ ಕೆಳಗೆ ಕಂಬದ ತುದಿಯಲ್ಲಿ, ಬೆನ್ನಿನ ಪಟ್ಟಿಯಲ್ಲಿ, ಕುರ್ಚಿಯಾದರೆ ಕೂರುವ ಚೌಕಟ್ಟಿನ ಅಡಿಯಲ್ಲಿ.

ಮುದ್ರೆ ಇದ್ದ ಮಾತ್ರಕ್ಕೆ ಆ ಹೆಸರಿನವನೇ ಮಾಡಿದ ಎನ್ನಲಾಗದು. ದುರಸ್ತಿ ಮಾಡಿದವನೂ ಮಾರಿದವನೂ ತನ್ನ ಮುದ್ರೆ ಒತ್ತಿರಬಹುದು. ಮುದ್ರೆ ಇಲ್ಲದಿದ್ದರೆ ನಕಲಿ ಎಂದೂ ಅಲ್ಲ. ರಾಜನ ಕೆಲಸ ಮಾಡುವವರಿಗೆ ನಿಯಮದಿಂದ ವಿನಾಯಿತಿ ಇತ್ತು. ನಗರದ ಪೂರ್ವದ ಫೊಬೂರ್ ಸೇಂತ್-ಆಂತ್ವಾನ್ ಬಡಾವಣೆ ಹಳೆಯ ಹಕ್ಕಿನ ಬಲದಿಂದ ಸಂಘದ ಹಿಡಿತಕ್ಕೆ ಸಿಗದೆ ಉಳಿದಿತ್ತು. ಜರ್ಮನ್ ಮಾತಾಡುವ ಸೀಮೆಗಳಿಂದ ಕೆಲಸ ಹುಡುಕಿ ಬಂದ ಬಡಗಿಗಳು ನೆಲೆಸಿದ್ದು ಹೆಚ್ಚಾಗಿ ಅಲ್ಲೇ. "ಫ್ರೆಂಚ್" ಎಂದು ನಾವು ಕರೆಯುವ ಅತ್ಯುತ್ತಮ ಪೀಠೋಪಕರಣಗಳಲ್ಲಿ ದೊಡ್ಡ ಪಾಲು ಈ ವಲಸಿಗರ ಕೈಯದು. ಓಬೆನ್, ರೀಸನರ್, ವೈಸ್‌ವೈಲರ್, ಬೆನೆಮನ್ ಎಲ್ಲರೂ ಆ ಸೀಮೆಗಳಿಂದ ಬಂದವರು.

ಮುದ್ರೆ ಹೇಗೆ ಸುಳ್ಳಾಡುತ್ತದೆ ಎಂಬುದಕ್ಕೆ ಇವರಲ್ಲೇ ಒಂದು ಕಥೆಯಿದೆ. ಜಾಂ-ಫ್ರಾಂಸ್ವಾ ಓಬೆನ್ 15ನೇ ಲೂಯಿಯ ಆಸ್ಥಾನದ ಎಬೆನಿಸ್ತ್. ಗುಪ್ತ ಬೀಗ, ತಾನಾಗಿ ತೆರೆಯುವ ಖಾನೆಗಳಲ್ಲಿ ನಿಪುಣ. 1760ರಲ್ಲಿ ರಾಜನಿಗಾಗಿ ಉರುಳು ಮುಚ್ಚಳದ ದೊಡ್ಡ ಬರೆಯುವ ಮೇಜೊಂದನ್ನು ಆರಂಭಿಸಿದ, 1763ರಲ್ಲಿ ತೀರಿಕೊಂಡ. ಸಂಘದ ನಿಯಮದಂತೆ ವಿಧವೆ ಗಂಡನ ಕಾರ್ಖಾನೆಯನ್ನೂ ಮುದ್ರೆಯನ್ನೂ ಮುಂದುವರಿಸಬಹುದಿತ್ತು. ಆಕೆಯ ಕಾರ್ಖಾನೆಯನ್ನು ನಡೆಸಿದವನು ಗ್ಲಾಡ್‌ಬೆಕ್‌ನಿಂದ ಬಂದಿದ್ದ ಯುವಕ ಜಾಂ-ಆನ್ರಿ ರೀಸನರ್. 1767ರಲ್ಲಿ ಅವಳನ್ನೇ ಮದುವೆಯಾದ, ಮರುವರ್ಷ ಯಜಮಾನನ ಪದವಿ ಪಡೆದ. ಅಲ್ಲಿಯವರೆಗೆ ಅವನ ಕೈಯಿಂದ ಬಂದದ್ದಕ್ಕೆಲ್ಲ ಸತ್ತ ಓಬೆನ್‌ನ ಮುದ್ರೆಯೇ. 1769ರಲ್ಲಿ ಆ ರಾಜಮೇಜು ಮುಗಿದಾಗ ರೀಸನರ್ ಮುದ್ರೆಯ ಗೋಜಿಗೆ ಹೋಗಲಿಲ್ಲ. ತನ್ನ ಹೆಸರು, ಇಸವಿಯನ್ನು ಬಣ್ಣಬಣ್ಣದ ಮರದ ಚೂರುಗಳ ಕುಸುರಿಯಲ್ಲೇ ಬರೆದ. ಅದು ಮಹಾಗನಿಯ ಮೇಜಲ್ಲ, ಆದರೆ ಓಬೆನ್ ಮುದ್ರೆಯನ್ನು ಓದುವಾಗ ನೆನಪಿಡಬೇಕಾದದ್ದು.

ಮಹಾಗನಿ ಪ್ಯಾರಿಸ್ಸಿನಲ್ಲಿ ಫ್ಯಾಶನ್ ಆದದ್ದರಲ್ಲೂ ಓಬೆನ್‌ನ ಕೈವಾಡವಿದೆ. ರಾಜನ ಆಪ್ತೆ ಮದಾಂ ದ ಪಾಂಪದೂರ್ 1760ರ ದಶಕದ ಆರಂಭದಲ್ಲಿ ಅವನಿಂದ ನೇರ ಗೆರೆಯ, ಗ್ರೀಕ್ ಮಾದರಿಯ ಮಹಾಗನಿ ಬೀರುಗಳನ್ನು ಮಾಡಿಸಿಕೊಂಡಳು. ಹೂಬಳ್ಳಿಯ ಕುಸುರಿ, ಉಬ್ಬು ಹೊಟ್ಟೆಯ ಬೀರುಗಳ ನಡುವೆ ಅದು ಸನ್ಯಾಸಿ ವೇಷ. ಇಪ್ಪತ್ತು ವರ್ಷ ಕಳೆದಾಗ ಇಂಗ್ಲಿಷ್ ಶೈಲಿಯ ಹುಚ್ಚೂ ಸೇರಿ ಎಲ್ಲರಿಗೂ ಕುಸುರಿಯಿಲ್ಲದ ಮಹಾಗನಿಯೇ ಬೇಕಾಯಿತು. ರೀಸನರ್ ಕೂಡ ಕೊನೆಗೆ ಹೂವು ಬಿಟ್ಟು ಮರದ ಎಳೆಯನ್ನೇ ನಂಬಿದ. ನನ್ನ ಕಣ್ಣಿಗೆ ಅವನ ಅತ್ಯುತ್ತಮ ಕೆಲಸ ಈ ಮಹಾಗನಿಯದೇ.

ಮರ ಬರುತ್ತಿದ್ದದ್ದು ಕೆರಿಬಿಯನ್‌ನಿಂದ, ಮುಖ್ಯವಾಗಿ ಇಂದಿನ ಹೈಟಿಯಾದ ಸೇಂ-ದೊಮಿಂಗ್ ವಸಾಹತಿನಿಂದ. 1780ರ ದಶಕದಲ್ಲಿ ಅಲ್ಲಿ ಸುಮಾರು ಐದು ಲಕ್ಷ ಆಫ್ರಿಕನ್ ಮೂಲದ ಗುಲಾಮರಿದ್ದರು. ಕಬ್ಬಿಗಾಗಿ ಕಾಡು ಕಡಿದವರೂ, ದಿಮ್ಮಿ ಉರುಳಿಸಿದವರೂ, ಸಕ್ಕರೆ ಕುದಿಸಿದವರೂ ಅವರೇ. ಸಕ್ಕರೆ, ಕಾಫಿ ತುಂಬಿದ ಹಡಗುಗಳ ತಳದಲ್ಲಿ ಭಾರವಾದ ದಿಮ್ಮಿಗಳು ಬೋರ್ಡೋ, ನಾಂತ್, ಲಾ ರೋಶೆಲ್ ಬಂದರುಗಳಿಗೆ ಬಂದಿಳಿಯುತ್ತಿದ್ದವು. ನಾಂತ್ ಫ್ರಾನ್ಸಿನ ಗುಲಾಮ ವ್ಯಾಪಾರದ ಅತಿ ದೊಡ್ಡ ಬಂದರು. ಮುದ್ರೆಯಲ್ಲಿ ಹೆಸರಿಲ್ಲದವರ ಸಾಲಿನಲ್ಲಿ ಆ ಗುಲಾಮರನ್ನು ಮೊದಲು ಸೇರಿಸಬೇಕು. ಹರಾಜಿನ ಕ್ಯಾಟಲಾಗುಗಳು "ಕ್ಯೂಬಾ ಮಹಾಗನಿ" ಎಂದು ಬರೆದು ಮುಂದೆ ಹೋಗುತ್ತವೆ.

ಈ ಬಂದರುಗಳಲ್ಲಿ ಮರ ಕೈಗೆ ಸುಲಭವಾಗಿ ಸಿಗುತ್ತಿತ್ತಾದ್ದರಿಂದ ಅಲ್ಲಿನ ಬಡಗಿಗಳು ಹಾಳೆಯ ಉಸಾಬರಿ ಬಿಟ್ಟು ಇಡೀ ಮಹಾಗನಿಯಲ್ಲೇ ಬೀರು, ಮೇಜು ಮಾಡಿದರು. ಬೋರ್ಡೋದ ದೊಡ್ಡ ಬಟ್ಟೆ ಬೀರುಗಳು ಇದಕ್ಕೆ ಹೆಸರುವಾಸಿ: ಅಗಲವಾದ ಒಂದೇ ಹಲಗೆಯ ಬಾಗಿಲು, ಮರದಲ್ಲೇ ಕೆತ್ತಿದ ಮೆದು ಅಂಚುಗಳು, ಚಿನ್ನದ ಲೇಪವಿಲ್ಲ. ಪ್ಯಾರಿಸ್ಸಿನ ಮುದ್ರೆ ಕಾನೂನು ಇವರಿಗೆ ಅನ್ವಯಿಸುತ್ತಿರಲಿಲ್ಲವಾಗಿ ಹೆಚ್ಚಿನವು ಅನಾಮಧೇಯ. ಮುದ್ರೆಯನ್ನೇ ಹುಡುಕುವವರು ಇವನ್ನು ದಾಟಿ ಹೋಗುತ್ತಾರೆ. ಮರ ತಿಳಿದವರು ನಿಲ್ಲುತ್ತಾರೆ.

ಪ್ಯಾರಿಸ್ಸಿನಲ್ಲಿ ಇಡೀ ಮಹಾಗನಿಯ ಕುರ್ಚಿಯನ್ನು ಮುನ್ನೆಲೆಗೆ ತಂದವನು ಜಾರ್ಜ್ ಜಾಕೊಬ್. ಬರ್ಗಂಡಿಯ ಹಳ್ಳಿಯಿಂದ ಬಂದು 1765ರಲ್ಲಿ ಯಜಮಾನನಾದ. ಅದುವರೆಗೆ ಪ್ಯಾರಿಸ್ಸಿನ ಕುರ್ಚಿ ಎಂದರೆ ಬೀಚ್ ಅಥವಾ ವಾಲ್‌ನಟ್ ಮರ, ಮೇಲೆ ಬಣ್ಣ ಅಥವಾ ಚಿನ್ನದ ರೇಕು. ಮಹಾಗನಿಗೆ ಬಣ್ಣ ಬೇಡ, ಆದ್ದರಿಂದ ಕೆತ್ತನೆಯ ತಪ್ಪು ಮುಚ್ಚಲು ಜಾಗವೂ ಇಲ್ಲ. 1788ರ ಸುಮಾರಿಗೆ ಚಿತ್ರಕಾರ ಜಾಕ್-ಲೂಯಿ ದಾವಿದ್ ತನ್ನ ಕಾರ್ಯಶಾಲೆಗೆ ಪ್ರಾಚೀನ ಗ್ರೀಸ್-ರೋಮ್ ಮಾದರಿಯ ಆಸನಗಳನ್ನು ಜಾಕೊಬ್‌ನಿಂದ ಮಾಡಿಸಿಕೊಂಡ. ಫ್ರೆಂಚ್ ಕ್ರಾಂತಿ ಬಂದಾಗ ರಾಣಿಗೆ ಕುರ್ಚಿ ಮಾಡಿದ ಅಪರಾಧ ಕುತ್ತಿಗೆಗೆ ಬರಬಹುದಿತ್ತು. ದಾವಿದ್‌ನ ಸ್ನೇಹ ಅವನನ್ನು ಉಳಿಸಿತು.

ರೀಸನರ್‌ಗೆ ಆ ಅದೃಷ್ಟವಿರಲಿಲ್ಲ. 1784ರ ನಂತರ ಅರಮನೆಯ ಖರ್ಚು ಕಡಿತಕ್ಕೆ ಸಿಕ್ಕಿ ಅವನ ಕೆಲಸ ಬೆನೆಮನ್ ಪಾಲಾಯಿತು. 1793ರ ಆಗಸ್ಟಿನಲ್ಲಿ ಆರಂಭವಾಗಿ ಒಂದು ವರ್ಷ ನಡೆದ ವರ್ಸೈ ಅರಮನೆಯ ಹರಾಜಿನಲ್ಲಿ 17,000ಕ್ಕೂ ಹೆಚ್ಚು ಲಾಟುಗಳು ಬಿಕರಿಯಾದವು. ತಾನೇ ಮಾಡಿದ ಕೆಲವನ್ನು ರೀಸನರ್ ಅಲ್ಲಿ ಕೂಗಿ ಕೊಂಡ, ಮುಂದೆ ಬೆಲೆ ಏರಿದಾಗ ಮಾರುವ ಆಸೆಯಿಂದ. ಆ ಕಾಲ ಅವನ ಜೀವಮಾನದಲ್ಲಿ ಬರಲಿಲ್ಲ. 1806ರಲ್ಲಿ ಸತ್ತಾಗ ಹಿಂದಿನ ಸಿರಿ ಉಳಿದಿರಲಿಲ್ಲ.

1791ರಲ್ಲಿ ಸಂಘಗಳೇ ರದ್ದಾದವು. ಮುದ್ರೆ ಐಚ್ಛಿಕವಾಯಿತು, ಮೆನ್ಯುಯಿಸಿಯೆ-ಎಬೆನಿಸ್ತ್ ಗೋಡೆ ಬಿತ್ತು, ಒಂದೇ ಸೂರಿನಡಿ ಎಲ್ಲ ಕೆಲಸ ಮಾಡುವ ದೊಡ್ಡ ಕಾರ್ಖಾನೆಗೆ ದಾರಿಯಾಯಿತು. ಜಾಕೊಬ್‌ನ ಇಬ್ಬರು ಮಕ್ಕಳು 1796ರಲ್ಲಿ ಮೆಸ್ಲೆ ಬೀದಿಯಲ್ಲಿ ತೆರೆದದ್ದು ಅಂಥದ್ದು. ಪ್ಯಾರಿಸ್ಸಿನ ಹೆಸರಾಂತ ಸಿರಿವಂತೆ ಮದಾಂ ರೆಕಾಮಿಯೆಯ ಮಲಗುವ ಕೋಣೆಯ ಮಹಾಗನಿ ಮಂಚ ಇವರದು, ಈಗ ಲೂವ್ರ್‌ನಲ್ಲಿದೆ. ವಾಸ್ತುಶಿಲ್ಪಿಗಳಾದ ಪರ್ಸಿಯೆ ಮತ್ತು ಫೊಂತೇನ್ ನಕ್ಷೆಯಂತೆ ನೆಪೋಲಿಯನ್ ಪತ್ನಿ ಜೋಸೆಫಿನ್‌ಳ ಮಾಲ್ಮೇಜೋನ್ ಮನೆಯ ಗ್ರಂಥಾಲಯಕ್ಕೆ 1800ರಲ್ಲಿ ಮಹಾಗನಿ ಕಂಬಗಳನ್ನು ಕೂರಿಸಿದವರೂ ಇವರೇ. ಕಿರಿಯ ಮಗ ಜಾಕೊಬ್-ದೆಮಾಲ್ತೆರ್ ಕಾಲದಲ್ಲಿ ಮುನ್ನೂರಕ್ಕೂ ಹೆಚ್ಚು ಕೆಲಸಗಾರರಿದ್ದರು. ನೆಪೋಲಿಯನ್ 1806ರಲ್ಲಿ ಬ್ರಿಟನ್ ವಿರುದ್ಧ ವ್ಯಾಪಾರ ದಿಗ್ಬಂಧನ ಹಾಕಿದಾಗ ಸಮುದ್ರದಾಚೆಯ ಮರ ಬರುವುದು ಕಷ್ಟವಾಗಿ, ದೇಶದ್ದೇ ಆದ ಎಲ್ಮ್, ಆ್ಯಶ್ ಮರಗಳ ಗಂಟುಗಳತ್ತ ಕೈ ಚಾಚಬೇಕಾಯಿತು. ಅರಮನೆ ಬಾಕಿ ಸಮಯಕ್ಕೆ ಸಲ್ಲದೆ 1813ರಲ್ಲಿ ಕಂಪನಿ ದಿವಾಳಿಯೆದ್ದಿತು. ಚಕ್ರವರ್ತಿಯ ಆರ್ಡರ್ ಕೈಯಲ್ಲಿದ್ದೂ ದಿವಾಳಿ!

ಈ ಕುಟುಂಬದ ಮುದ್ರೆಗಳಿಂದ ಕಾಲ ಗುರುತಿಸುವುದು ಸುಲಭ. ತಂದೆಯ ಮುದ್ರೆಯಲ್ಲಿ ಹೆಸರಿನ ಜೆ ಅಕ್ಷರದ ಜಾಗದಲ್ಲಿ ಐ ಇರುತ್ತದೆ. "ಜಾಕೊಬ್ ಸಹೋದರರು, ಮೆಸ್ಲೆ ಬೀದಿ" ಎಂದಿದ್ದರೆ 1796ರಿಂದ 1803. ಜಾಕೊಬ್ ನಂತರ ಒಂದು ಡಿ ಮತ್ತು ಬೀದಿಯ ಹೆಸರಿದ್ದರೆ 1803ರಿಂದ 1813. ಹಾಗೆಂದು ಅಚ್ಚು ನಂಬಿ ಹಣ ಎಣಿಸಬೇಡಿ. ಕಬ್ಬಿಣದ ಅಚ್ಚು ಮಾಡಿಸುವುದು ಯಾವ ಕಾಲದಲ್ಲೂ ಸುಲಭ, ಜಾಕೊಬ್ ಹೆಸರಿನದು ಇನ್ನೂ ಲಾಭದ್ದು.

ಆದ್ದರಿಂದ ಮರದ ಸಾಕ್ಷಿ ಬೇಕು. ಬೆನ್ನಿನ ಹಲಗೆಯ ಮೇಲೆ ಬೆಳಕನ್ನು ಓರೆಯಾಗಿ ಬಿಡಿ. ಕೈ ಗರಗಸದ ಗೀರು ನೇರ, ಅಂತರ ಏರುಪೇರು. ಹತ್ತರಿ ಹೊಡೆದಲ್ಲಿ ಮೆಲು ತಗ್ಗುದಿಣ್ಣೆ ಬೆರಳಿಗೆ ಸಿಗುತ್ತದೆ. ಬಿಲ್ಲಿನಂತೆ ಬಾಗಿದ ಗೀರು ಕಂಡರೆ ಅದು ಯಂತ್ರದ ವೃತ್ತಾಕಾರದ ಗರಗಸ. ಇಂಗ್ಲೆಂಡಿನಲ್ಲಿ ಹಾಳೆ ಕೊಯ್ಯುವ ಅಂಥ ಯಂತ್ರಕ್ಕೆ ಮಾರ್ಕ್ ಬ್ರುನೆಲ್ ಪೇಟೆಂಟ್ ಪಡೆದದ್ದು 1806ರಲ್ಲಿ. ಹಾಗಾಗಿ ಲೂಯಿ ಕಾಲದ್ದೆಂದು ಮಾರುವ ಬೀರುವಿನಲ್ಲಿ ಬಾಗಿದ ಗೀರಿಗೆ ಕೆಲಸವಿಲ್ಲ. ಹಾಳೆ ಎದ್ದಿರುವ ಮೂಲೆಯಲ್ಲಿ ಅದರ ದಪ್ಪ ನೋಡಿ. ಎಲ್ಲ ಕಡೆ ಒಂದೇ ಸಮನಾಗಿ ಅರ್ಧ ಮಿಲಿಮೀಟರಿನಷ್ಟಿದ್ದರೆ ಅಲಗಿನಿಂದ ಸೀಳಿದ ಆಧುನಿಕ ಹಾಳೆ. ಡ್ರಾಯರ್ ಮೂಲೆಯ ಡವ್‌ಟೇಲ್ ಜೋಡಣೆಗಳ ಅಗಲ ಒಂದಕ್ಕೊಂದು ಹೊಂದದಿರುವುದು ಒಳ್ಳೆಯ ಲಕ್ಷಣ. ಸ್ಕ್ರೂ ತೆಗೆದರೆ ಕೈಯಲ್ಲಿ ಅರ ಹಾಕಿದ್ದಕ್ಕೆ ತುದಿ ಮೊಂಡು, ತಲೆಯ ಗೀರು ನಡುವಿನಿಂದ ಸರಿದಿರುತ್ತದೆ. ಇಡೀ ಮರದ ದುಂಡು ಮೇಜಾದರೆ ಟೇಪ್ ಹಿಡಿಯಿರಿ: ಮರ ಉದ್ದಕ್ಕೆ ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ, ಇನ್ನೂರು ವರ್ಷ ಕಂಡ ಮೇಜು ಕೆಲವು ಮಿಲಿಮೀಟರ್ ಅಂಡಾಕಾರ ತಾಳಿರಬೇಕು. ಕರಾರುವಾಕ್ಕಾಗಿ ದುಂಡಗಿದ್ದರೆ ಅನುಮಾನಿಸಿ.

ಕಂಚಿನ ಅಲಂಕಾರವನ್ನು ಬೇರೆಯಾಗಿಯೇ ಪರೀಕ್ಷಿಸಬೇಕು, ಏಕೆಂದರೆ ಅದು ಬೇರೆಯವರ ಕೆಲಸ. ಎರಕ ಹೊಯ್ಯುವವರದು, ಚಿನ್ನ ಲೇಪಿಸುವವರದು ಪ್ರತ್ಯೇಕ ಸಂಘಗಳು. ಕಂಚನ್ನು ತನ್ನಲ್ಲೇ ಎರಕ ಹೊಯ್ದ ತಪ್ಪಿಗೆ ಶಾರ್ಲ್ ಕ್ರೆಸಾಂ ಎಂಬ ಹೆಸರಾಂತ ಎಬೆನಿಸ್ತ್ ಮೊಕದ್ದಮೆ ಎದುರಿಸಿದ್ದ. ಚಿನ್ನವನ್ನು ಪಾದರಸದಲ್ಲಿ ಕಲಸಿ ಕಂಚಿಗೆ ಸವರಿ ಬೆಂಕಿಗೆ ಹಿಡಿದರೆ ಪಾದರಸ ಹಬೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಆ ಹಬೆ ಹೋಗುತ್ತಿದ್ದದ್ದು ಕೆಲಸಗಾರನ ಮೂಗಿಗೆ. ಕೈನಡುಕ, ಹಲ್ಲುದುರುವಿಕೆ, ಅಕಾಲ ಸಾವು. ಕಂಚಿನ ಕೆಲಸದ ಯಜಮಾನ ರಾವ್ರಿಯೋ 1814ರಲ್ಲಿ ಸಾಯುವಾಗ ಇದಕ್ಕೆ ಪರಿಹಾರ ಹುಡುಕುವವರಿಗೆ 3,000 ಫ್ರಾಂಕ್ ಬಿಟ್ಟು ಹೋದ. ಹಬೆಯನ್ನು ಮೇಲಕ್ಕೆಳೆಯುವ ಒಲೆಗಾಗಿ ರಸಾಯನಶಾಸ್ತ್ರಜ್ಞ ದಾರ್ಸೆಗೆ 1818ರಲ್ಲಿ ಆ ಬಹುಮಾನ ಸಂದಿತು. ಇಂಥ ಹಳೆಯ ಕಂಚನ್ನು ಬಿಚ್ಚಿ ತಿರುಗಿಸಿದರೆ ಹಿಂಬದಿ ಒರಟು, ಚಿನ್ನವಿಲ್ಲ. ಹಿಂದುಮುಂದು ಒಂದೇ ಸಮ ಹೊಳೆದರೆ ಅದು 1840ರ ನಂತರ ಬಂದ ವಿದ್ಯುತ್ ಲೇಪ. ಹಿಡಿಕೆಯ ಸುತ್ತ ಮುಚ್ಚಿದ ಹಳೆಯ ತೂತುಗಳಿದ್ದರೆ ಹಿಡಿಕೆ ಬದಲಾಗಿದೆ.

ಹೊಳಪಿನ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ನಮ್ಮಲ್ಲಿ ತೇಗದ ಬಾಗಿಲಿಗೂ ಬೀಟೆ ಕುರ್ಚಿಗೂ ಮಾಡಿಸುವ ಫ್ರೆಂಚ್ ಪಾಲಿಶ್ 18ನೇ ಶತಮಾನದ ಫ್ರೆಂಚರಿಗೆ ಗೊತ್ತಿರಲಿಲ್ಲ. ಅವರು ಜೇನುಮೇಣ ತಿಕ್ಕುತ್ತಿದ್ದರು, ಕೆಲವೊಮ್ಮೆ ವಾರ್ನಿಶ್ ಹಚ್ಚುತ್ತಿದ್ದರು. ಶೆಲ್ಲಾಕನ್ನು ಸ್ಪಿರಿಟ್‌ನಲ್ಲಿ ಕರಗಿಸಿ ಬಟ್ಟೆಯುಂಡೆಯಿಂದ ಪದರ ಪದರವಾಗಿ ಹಚ್ಚುವುದು 1820ರ ಸುಮಾರಿಗೆ ರೂಢಿಗೆ ಬಂತು. ಶೆಲ್ಲಾಕ್ ಎಂದರೆ ಶುದ್ಧಗೊಳಿಸಿದ ಅರಗು, ಬಂದದ್ದು ಹೆಚ್ಚಾಗಿ ಭಾರತದಿಂದ. ಚನ್ನಪಟ್ಟಣದ ಬೊಂಬೆಗೆ ಮೆರುಗು ಕೊಡುವುದೂ ಅರಗೇ. ಆಮೇಲೆ ಹಳೆಯ ಮೇಣದ ಮೈಗಳನ್ನೂ ಕೆರೆದು ಗಾಜಿನಂತೆ ಪಾಲಿಶ್ ಮಾಡಿಸಿದವರಿಗೆ ಲೆಕ್ಕವಿಲ್ಲ. ಮಂದವಾದ, ಅಲ್ಲಲ್ಲಿ ಸವೆದ, ಬಿಸಿಲು ಬಿದ್ದ ಕಡೆ ಬಣ್ಣ ತಿಳಿಯಾದ ಮಹಾಗನಿ ಸಿಕ್ಕರೆ ದಯವಿಟ್ಟು ಹಾಗೇ ಬಿಡಿ.

ನಮ್ಮ ಕಡೆಯ ಹಳೆ ಸಾಮಾನಿನ ಅಂಗಡಿಯಲ್ಲಿ "ಫ್ರೆಂಚ್" ಎಂದು ತೋರಿಸುವ ಕುರ್ಚಿ ಬಹುಪಾಲು ಭಾರತದಲ್ಲೇ ತೇಗ ಅಥವಾ ಬೀಟೆಯಲ್ಲಿ ಮಾಡಿದ್ದು. ಅದು ಚೆನ್ನಾಗಿಯೇ ಇರಬಹುದು, ಆದರೆ ಜಾಕೊಬ್‌ನ ಬೆಲೆ ಕೊಡಬೇಕಿಲ್ಲ. ಈಗ ಇಲ್ಲಿನ ಹೊಲಗಳಲ್ಲಿ ಬೇಗ ಬೆಳೆಯುವ ಮಹಾಗನಿಗೂ ಆ ಕಾಲದ ಕೆರಿಬಿಯನ್ ಕಾಡಿನಲ್ಲಿ ನಿಧಾನವಾಗಿ ಬಲಿತ ದಟ್ಟ, ಭಾರದ ಮರಕ್ಕೂ ತೂಕದಲ್ಲೇ ವ್ಯತ್ಯಾಸ ತಿಳಿಯುತ್ತದೆ. ನಿಜವಾದ ಹಾಳೆ ಹೊದಿಸಿದ ಬೀರು ಯಾರ ಮನೆಗಾದರೂ ಬಂದರೆ ಏಸಿ ಗಾಳಿ ನೇರ ಬಡಿಯುವ ಕಡೆ, ಕಿಟಕಿಯ ಬಿಸಿಲಿನಲ್ಲಿ ಇಡಬಾರದು. ಮಂಗಳೂರಿನ ಮಳೆಗಾಲದಲ್ಲಿ ಮರ ಉಬ್ಬುತ್ತದೆ, ಬಳ್ಳಾರಿಯ ಬೇಸಿಗೆಯಲ್ಲಿ ಕುಗ್ಗುತ್ತದೆ. ಓಕ್ ಒಂದು ಕಡೆ ಎಳೆದರೆ ಹಾಳೆ ಇನ್ನೊಂದು ಕಡೆ ಎಳೆದು ಸೀಳುತ್ತದೆ. ಸಿಲಿಕೋನ್ ಇರುವ ಸ್ಪ್ರೇ ಬೇಡ, ವರ್ಷಕ್ಕೊಮ್ಮೆ ತೆಳುವಾಗಿ ಮೇಣ ಸಾಕು.

ಹೊರದೇಶದಿಂದ ತರುವವರು ಕಾಗದಪತ್ರ ಮೊದಲೇ ನೋಡಿಕೊಳ್ಳಿ. ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಪಟ್ಟಿಗೆ ಕೆರಿಬಿಯನ್ ಮಹಾಗನಿ 1992ರಲ್ಲಿ ಸೇರಿತು, ದೊಡ್ಡ ಎಲೆಯ ಮಹಾಗನಿಗೆ ನಿಯಮ 2003ರಲ್ಲಿ ಜಾರಿಗೆ ಬಂತು. ಆ ನಿಯಮದ ಕಣ್ಣು ಮುಖ್ಯವಾಗಿ ದಿಮ್ಮಿ, ಕೊಯ್ದ ಮರ, ಬಿಡಿ ಹಾಳೆಗಳ ಮೇಲಿದೆ. ತೊಂದರೆ ಬರುವುದು ಹೆಚ್ಚಾಗಿ ಬೀರುವಿನ ಬೀಗದ ಕಿಂಡಿಯ ಸುತ್ತ ಇರುವ ಸಣ್ಣ ಆನೆದಂತದ ತುಂಡಿನಿಂದ ಅಥವಾ ನಡುವೆ ಸೇರಿಸಿದ ಬ್ರೆಜಿಲ್ ರೋಸ್‌ವುಡ್ ಪಟ್ಟಿಯಿಂದ. ಅವೆರಡೂ ಒಂದನೇ ಪಟ್ಟಿಯ ನಿಷೇಧದ ವಸ್ತುಗಳು. ಕೊಳ್ಳುವ ಮುನ್ನ ಮಾರುವವನಿಂದ ಯಾವ ಯಾವ ಮರ, ಯಾವ ಅಲಂಕಾರ ವಸ್ತು ಎಂಬುದನ್ನು ರಸೀತಿಯಲ್ಲೇ ಬರೆಸಿಕೊಳ್ಳಿ.